ಅಜ್ಜಯ್ಯ ಕಟ್ಟಿದ ಕಟ್ಟ

ಮೀನು ಹುರಿಯುವ ದಿನ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕೋಟುಗಳು ಮಹಡಿ ಹತ್ತುತ್ತಿದ್ದವು. ಮುಂಬಾಗಿಲ ಪಕ್ಕದ ಗೂಟಗಳಲ್ಲಿ ನೇತಾಡುತ್ತಿದ್ದ ಅಪ್ಪನ ಜಾಕೆಟ್ಟು, ಅಮ್ಮ ಆಸ್ಪತ್ರೆಗೆ ಹಾಕಿಕೊಂಡು ಹೋಗುವ ಕಪ್ಪು ಕೋಟು, ನನ್ನ ಶಾಲೆಯ ಬ್ಲೇಜರ್ ಎಲ್ಲವನ್ನೂ ಒಟ್ಟಿಗೆ ತಬ್ಬಿಕೊಂಡು ಹೋಗಿ ನನ್ನ ಕೋಣೆಯ ಮಂಚದ ಮೇಲೆ ಹಾಕಿ, ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒಂದು ಟವೆಲ್ ತುರುಕುತ್ತಿದ್ದೆ. ಆಮೇಲೆ ಅಡುಗೆಮನೆಯ ಕಿಟಕಿ ತೆರೆಯುವುದು, ಕುರ್ಚಿ ಹತ್ತಿ ಹೊಗೆಯ ಅಲಾರಂಗೆ ಪ್ಲಾಸ್ಟಿಕ್ ಚೀಲ ಕಟ್ಟುವುದು. ಇಷ್ಟಾದ ಮೇಲೆಯೇ ಅಮ್ಮ ಬಂಗುಡೆಯನ್ನು ಕಾವಲಿಗೆ ಹಾಕಬಹುದಿತ್ತು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಶಾಲೆಯಲ್ಲಿ ಒಬ್ಬಳು ನನ್ನ ತೋಳಿನ ಹತ್ತಿರ ಮೂಗು ತಂದು ಹಿಂದೆ ಸರಿದಿದ್ದಳು, ಅಷ್ಟೇ ಸಾಕಾಗಿತ್ತು. ಅಪ್ಪ ದುಡಿಯುವುದರಲ್ಲಿ, ಅಮ್ಮ ಮನೆ ನಡೆಸುವುದರಲ್ಲಿ ಮುಂದಿದ್ದರೆ, ನಾಚಿಕೆಪಡುವ ಖಾತೆಯನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ. ಆಗ ನನಗೆ ಹನ್ನೆರಡು ವರ್ಷ.

ನಾವು ಸಟನ್ ಕಡೆಗೆ ಬಂದದ್ದೇ ಅಲ್ಲಿನ, ಪರೀಕ್ಷೆ ಬರೆಸಿ ಆರಿಸಿದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ಗ್ರಾಮರ್ ಸ್ಕೂಲಿನ ಆಸೆಗೆ. ಅಪ್ಪ ಟೂಟಿಂಗಿನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಅಮ್ಮ ಆಸ್ಪತ್ರೆಯ ಮುದುಕರ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಸಾಲುಮನೆಗಳ ತುದಿಯದ್ದು ನಮ್ಮ ಬಾಡಿಗೆ ಮನೆ. ಮೇಲೆ ಎರಡು ಕೋಣೆ, ಕೆಳಗೆ ಒಂದು ಹಾಲ್, ರೈಲಿನ ಡಬ್ಬಿಯಷ್ಟೇ ಅಗಲದ ಅಡುಗೆಮನೆ. ಹಿತ್ತಲಿನ ಕೊನೆಗೆ ಸೊಂಟದೆತ್ತರದ ಇಟ್ಟಿಗೆ ಗೋಡೆ, ಅದಕ್ಕೊಂದು ಸಣ್ಣ ಗೇಟು. ಗೇಟು ತೆರೆದು ನಾಲ್ಕು ಮೆಟ್ಟಿಲು ಇಳಿದರೆ ಹೊಳೆ. ಹೊಳೆ ಎಂದರೆ ಊರಿನವರು ನಕ್ಕಾರು, ಹಾರಿ ದಾಟಲು ಆಗದು, ಈಜಲು ಸಾಲದು, ಅಷ್ಟು. ಆದರೆ ಅದರಲ್ಲಿ ಟ್ರೌಟ್ ಮೀನುಗಳಿದ್ದವು. ಹಿಂದೊಮ್ಮೆ ಕಾರ್ಖಾನೆಗಳ ಕೊಳೆಗೆ ಸತ್ತೇಹೋಗಿದ್ದ ಹೊಳೆಗೆ ಆ ಚುಕ್ಕೆಚುಕ್ಕೆಯ ಮೀನನ್ನು ಮತ್ತೆ ತರಲು ಕೆಲವರು ವರ್ಷಗಳಿಂದ ಒದ್ದಾಡುತ್ತಿದ್ದರು. ಶನಿವಾರ ಶನಿವಾರ ಎದೆಮಟ್ಟದ ರಬ್ಬರ್ ಪ್ಯಾಂಟು ತೊಟ್ಟು ನೀರಿಗಿಳಿದು, ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ, ಸೈಕಲ್ಲು, ಹಾಸಿಗೆ ಎಲ್ಲ ಎಳೆದು ಹಾಕುತ್ತಿದ್ದರು. ಅವರ ಮುಂದಾಳು ಪಾಲೀನ್ ಎಂಬ ನಿವೃತ್ತ ಟೀಚರ್. ಗೋಡೆಯ ಮೇಲೆ ಕೂತು ನೋಡುತ್ತಿದ್ದ ನನ್ನನ್ನು ಅವರು ಒಂದು ದಿನ ಕರೆದು ಕೈಗವಸು ಕೊಟ್ಟರು. ಆ ಗುಂಪಿನಲ್ಲಿ ನನ್ನ ತೋಳನ್ನು ಯಾರೂ ಮೂಸುತ್ತಿರಲಿಲ್ಲ, ಎಲ್ಲರೂ ಕೆಸರು ನಾರುತ್ತಿದ್ದರು. ಅದಕ್ಕೇ ಆ ಶನಿವಾರಗಳು ನನಗೆ ಅಷ್ಟು ಪ್ರಾಣವಾಗಿದ್ದವು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅಮ್ಮನ ಅಪ್ಪ, ನನ್ನ ಅಜ್ಜಯ್ಯ, ಕುಂದಾಪುರದ ಹತ್ತಿರದ ಊರಿನಿಂದ ಆರು ತಿಂಗಳ ವೀಸಾದಲ್ಲಿ ಬಂದರು. ಹಾಲಿನ ಸೋಫಾವೇ ಅವರ ಮಂಚವಾಯಿತು. ಬಂದ ಮೊದಲ ವಾರದಲ್ಲೇ ಅವರಿಗೆ ಬೇಡಗಳ ಪಟ್ಟಿ ಸಿಕ್ಕಿತು. ಬಾಯ್ಲರ್ ಮುಟ್ಟುವುದು ಬೇಡ, ಒಲೆ ಹಚ್ಚುವುದು ಬೇಡ, ಬೆಲ್ಲಾದರೆ ಬಾಗಿಲು ತೆಗೆಯುವುದು ಬೇಡ, ಲುಂಗಿಯಲ್ಲಿ ರಸ್ತೆಗೆ ಹೋಗುವುದು ಬೇಡ. ಕೊನೆಯದು ನನ್ನದು. ಅವರು ಯಾವುದಕ್ಕೂ ಎದುರಾಡಲಿಲ್ಲ. ಕಿಟಕಿಯ ಹತ್ತಿರ ಕೂತು ಬಸ್ಸುಗಳನ್ನು ಎಣಿಸುತ್ತಿದ್ದರು. ಊರಲ್ಲಿ ಅವರು ಹೀಗೆ ಕೂರುವ ಆಳಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಮಳೆಗಾಲ ಮುಗಿದು ತೋಡಿನ ನೀರು ಇಳಿಯತೊಡಗಿದಾಗ ಅಡ್ಡಕ್ಕೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಊರವರು ಕಟ್ಟ ಕಟ್ಟುತ್ತಾರೆ. ನೀರು ಹಿಂದಕ್ಕೆ ನಿಂತು ಎರಡನೇ ಬೆಳೆಗೆ ಒದಗುತ್ತದೆ. ಮುಂದಿನ ಮಳೆಗೆ ಕಟ್ಟ ಒಡೆದು ಹೋಗುತ್ತದೆ, ಮತ್ತೆ ಕಟ್ಟಬೇಕು. ಆ ಕಟ್ಟದ ಮೊದಲ ಕಲ್ಲು ಎಲ್ಲಿ ಕೂರಬೇಕೆಂದು ಹೇಳುವವರು ಅಜ್ಜಯ್ಯ. ಅವರು ಬರುವ ತನಕ ಯಾರೂ ನೀರಿಗೆ ಇಳಿಯುತ್ತಿರಲಿಲ್ಲವಂತೆ. ನಾನು ಇದನ್ನೆಲ್ಲ ಕೇಳಿಸಿಕೊಂಡೂ ಇಂಗ್ಲಿಷಿನಲ್ಲಿ ‘ಹೌದಾ’ ಎಂದು ಫೋನು ನೋಡುತ್ತಿದ್ದೆ. ಕನ್ನಡ ನನಗೆ ಅರ್ಥವಾಗುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಬರಲಿ ಎಂಬ ಆಸೆಯೂ ಇರಲಿಲ್ಲ.

ಪಾಲೀನ್ ಗಾಳ ಹಾಕಿ ಹಿಡಿದ ಟ್ರೌಟನ್ನು ಒಮ್ಮೆ ಮೃದುವಾಗಿ ನೀರಿಗೆ ವಾಪಸು ಬಿಟ್ಟದ್ದನ್ನು ಅಜ್ಜಯ್ಯ ಗೋಡೆಯ ಈಚೆಯಿಂದ ನೋಡಿದರು. ಅಂದು ಊಟದ ಹೊತ್ತಿಗೆ ಅವರಿಗೆ ಅದೇ ಮಾತು.

“ಹಿಡ್ದ್ ವಾಪಸ್ ಬಿಡ್ತ್ರಾ? ಹಂಗಾರೆ ಹಿಡುದ್ ಎಂತಕೆ ಮಗಾ?”

ಅಮ್ಮ ನಕ್ಕು ತಟ್ಟೆಯ ಮೇಲೆ ಬಗ್ಗಿದಳು. ನಾನು ನಗಲಿಲ್ಲ. ಇವರು ಪಾಲೀನ್ ಎದುರಿಗೆ ಹೀಗೇನಾದರೂ ಅಂದರೆ ಎಂದು ಹೆದರಿದೆ. ಪಾಲೀನ್‌ಗೆ ಕನ್ನಡ ತಿಳಿಯುವುದಿಲ್ಲ ಎಂಬುದು ಕೂಡ ಆ ಹೆದರಿಕೆಯಲ್ಲಿ ಹೊಳೆಯಲಿಲ್ಲ.

ಕ್ರಿಸ್‌ಮಸ್ಸಿಗೆ ಸ್ವಲ್ಪ ಮೊದಲು ನೆರೆ ಬಂತು. ನಮ್ಮೂರಿನ ನೆರೆಯಂತೆ ಅಬ್ಬರಿಸಿ ಬರಲಿಲ್ಲ, ನೆಲದಡಿಯಿಂದಲೇ ಉಕ್ಕಿದಂತೆ ಮೆಲ್ಲಗೆ ಏರಿ, ಮೂರು ದಿನ ನಮ್ಮ ಹಿತ್ತಲಿನ ಅರ್ಧದವರೆಗೆ ಕಂದು ನೀರು ನಿಂತಿತು. ಕೌನ್ಸಿಲ್ಲಿನ ಹಸಿರು ಕಸದ ಡಬ್ಬಿ ನಮ್ಮ ಕಣ್ಣೆದುರೇ ತೇಲಿಹೋಯಿತು. ನೀರು ಇಳಿದಾಗ ಹೊಳೆ ಹಳೆಯ ಹೊಳೆಯಾಗಿರಲಿಲ್ಲ. ಆಚೆ ದಂಡೆಯ ದೊಡ್ಡ ವಿಲ್ಲೋ ಮರ ಅಡ್ಡ ಬಿದ್ದಿತ್ತು, ಅದರ ಬೇರಿನಡಿ ಆಳುದ್ದ ಗುಂಡಿ ತೋಡಿಕೊಂಡಿತ್ತು. ಮುಖ್ಯ ಹರಿವು ಆಚೆ ಬದಿಗೆ ಸರಿದು, ನಮ್ಮ ಮೆಟ್ಟಿಲಿನ ಬುಡದಲ್ಲಿ, ಮೊದಲು ಕೆಸರಿದ್ದಲ್ಲಿ, ತೊಳೆದಿಟ್ಟಂಥ ಸಣ್ಣಕಲ್ಲುಗಳ ಹಾಸು ಬಿದ್ದಿತ್ತು. ನನಗೆ ಅಳು ಬಂತು. ಇಷ್ಟು ದಿನದ ಶನಿವಾರಗಳೆಲ್ಲ ಹಾಳಾದವು ಅಂದುಕೊಂಡೆ. ಪಾಲೀನ್ ಮಾತ್ರ ಹಬ್ಬದ ಮನೆಗೆ ಬಂದವರ ಹಾಗೆ ಅತ್ತಿತ್ತ ಓಡಾಡುತ್ತಿದ್ದರು. ಎಷ್ಟೋ ವರ್ಷದ ಹೂಳನ್ನು ನೆರೆ ಮೂರು ದಿನದಲ್ಲಿ ತೊಳೆದಿದೆ, ಇಂಥ ಶುದ್ಧ ಕಲ್ಲೇ ಟ್ರೌಟಿಗೆ ಬೇಕಾದದ್ದು ಎಂದರು. ಹೆಣ್ಣು ಮೀನು ಬಾಲದಿಂದ ಕಲ್ಲು ಕೆದರಿ, ಮೊಟ್ಟೆಯಿಟ್ಟು, ಮತ್ತೆ ಕಲ್ಲು ಮುಚ್ಚುತ್ತದೆ. ಆ ಸಂದುಗಳಲ್ಲಿ ನೀರು ಓಡುತ್ತಲೇ ಇರಬೇಕು, ನಿಂತರೆ ಹೂಳು ಕೂತು ಮೊಟ್ಟೆಗಳು ಉಸಿರುಗಟ್ಟಿ ಸಾಯುತ್ತವೆ.

“ಒಂದು ಕಲ್ಲನ್ನೂ ಯಾರೂ ಕದಲಿಸಬಾರದು. ನೆರೆ ಎಲ್ಲಿಟ್ಟಿದೆಯೋ ಅಲ್ಲೇ ಇರಲಿ,” ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿ, ನನ್ನ ಹೆಗಲ ಮೇಲೆ ಕೈಯಿಟ್ಟರು. “ನಿಮ್ಮ ಮನೆ ಇಲ್ಲೇ ಇದೆ. ಇನ್ನು ನೀನೇ ನಮ್ಮ ಕಾವಲು.”

ಜನವರಿಯ ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನಾನದನ್ನು ಕಂಡೆ. ಮೊಳದುದ್ದದ ಒಂದು ಹೆಣ್ಣು ಟ್ರೌಟ್ ಪಕ್ಕಕ್ಕೆ ಹೊರಳಿ ಬಾಲ ಬಡಿಯುತ್ತಿತ್ತು, ಕಲ್ಲುಗಳು ಹಾರಿ ಕೆಳಗೆ ಬೀಳುತ್ತಿದ್ದವು. ಮರುದಿನ ಅಲ್ಲಿ ಮೊಟ್ಟೆ ಮುಚ್ಚಿಟ್ಟ ಗುರುತಾಗಿ ತಟ್ಟೆಯಗಲದ ಬಿಳಿಯ ಕಲೆ ಉಳಿದಿತ್ತು. ಪಾಲೀನ್‌ಗೆ ಹೇಳಿದಾಗ ಅವರು ನನ್ನನ್ನು ತಬ್ಬಿಕೊಂಡರು. ಆದರೆ ಆಮೇಲೆ ಎರಡು ವಾರ ಮಳೆಯೇ ಇಲ್ಲ. ಹಿಮ ಕಟ್ಟಿ ಹೊಳೆ ದಿನಕ್ಕಿಷ್ಟು ಇಳಿಯತೊಡಗಿತು. ಕಲೆಯ ಮೇಲಿನ ನೀರು ನನ್ನ ಕೈ ಮುಳುಗುವಷ್ಟಿದ್ದದ್ದು ಬೆರಳು ಮುಳುಗುವಷ್ಟಾಯಿತು. ಪಾಲೀನ್ ಮಗಳ ಮನೆಗೆಂದು ಬೇರೆ ಊರಿಗೆ ಹೋಗಿದ್ದರು. ಒಂದು ಸಂಜೆ ಅಡುಗೆಮನೆಯಲ್ಲಿ ಗಂಜಿ ಉಣ್ಣುತ್ತಿದ್ದ ಅಜ್ಜಯ್ಯನೆದುರು ಕೂತು ನಾನು ಅತ್ತೆ. ಅವರು ಚಮಚ ಕೆಳಗಿಟ್ಟರು.

“ಎಂತಾ ಆಯ್ತ್ ಹೆಣೆ?”

“ವಾಟರ್ ಕಮ್ಮಿ ಆಯ್ತು ಅಜ್ಜಯ್ಯ. ಫಿಶ್ ಬೇಬಿ ಎಲ್ಲ ಸಾಯ್ತದೆ.”

ನಾನಾಗಿ ಅವರಿಗೆ ಕನ್ನಡದಲ್ಲಿ ಹೇಳಿದ ಮೊದಲ ಮಾತು ಇದೇ ಇರಬೇಕು. ಅವರು ಕೂಡಲೇ ಎದ್ದು, ಮಂಗನ ಟೋಪಿ ಹಾಕಿಕೊಂಡು, ಟಾರ್ಚು ಹಿಡಿದು ಮೆಟ್ಟಿಲಿಳಿದರು. ಕೋಲು ಊರಿ ಆಳ ನೋಡಿದರು, ಒಣ ಎಲೆಯೊಂದನ್ನು ನೀರಿಗೆ ಬಿಟ್ಟು ಅದು ಹೋದ ದಾರಿ ನೋಡಿದರು. ತಿರುಗಿದಾಗ ಅವರ ಮುಖ ಬಸ್ಸು ಎಣಿಸುವವರ ಮುಖವಾಗಿರಲಿಲ್ಲ.

“ಇಷ್ಟೇಯಾ? ಒಂದ್ ಸಣ್ಣ ಕಟ್ಟ ಕಟ್ರೆ ಆಯ್ತ್. ನೀ ಶಾಲಿಗ್ ಹೋಗ್, ನಾನ್ ಕಾಂತೆ.”

ಇಲ್ಲಿ ನಿಂತು ಒಂದು ಮಾತು ಒಪ್ಪಿಕೊಳ್ಳಬೇಕು. ಕಲ್ಲು ಕದಲಿಸಬಾರದು, ನೀರು ನಿಲ್ಲಬಾರದು ಎಂಬುದು ನನಗೆ ಗೊತ್ತಿತ್ತು. ಅದನ್ನು ಹೇಳುವ ಕನ್ನಡ ನನ್ನಲ್ಲಿರಲಿಲ್ಲ ಎಂದು ಬಹುಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ‘ಬೇಡ’ ಎಂಬ ಕನ್ನಡ ಶಬ್ದ ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಬರುತ್ತಿತ್ತು? ನನಗೆ ನೀರು ಏರುವುದು ಬೇಕಿತ್ತು. ಅದಕ್ಕೇ ತಲೆಯಾಡಿಸಿದೆ.

ಎರಡು ಹಗಲು ಅವರೊಬ್ಬರೇ ಕಟ್ಟಿದರು. ಅಪ್ಪನ ಹೋಟೆಲಿನ ರಬ್ಬರ್ ಬೂಟು ಹಾಕಿಕೊಂಡು, ಹಾಸಿನ ಕಲ್ಲುಗಳನ್ನೇ ಬಾಚಿ, ವಿಲ್ಲೋ ಕೊಂಬೆಗಳನ್ನು ಹೆಣೆದು, ಹಿತ್ತಲಿನ ಮಣ್ಣನ್ನು ಚೀಲಗಳಲ್ಲಿ ತುಂಬಿ ಮೆಟ್ಟಿ. ಮೊದಲ ಕಲ್ಲಿಗೆ ಭಾರದ್ದು ಬೇಕಿತ್ತಂತೆ. ಅಮ್ಮ ಮದುವೆಯಾಗಿ ಬರುವಾಗ ಹಟ ಹಿಡಿದು ವಿಮಾನದಲ್ಲಿ ತಂದಿದ್ದ, ಒಮ್ಮೆಯೂ ಬಳಸದೆ ಸಿಂಕಿನಡಿ ಬಿದ್ದಿದ್ದ ರುಬ್ಬುಗುಂಡನ್ನು ಒಯ್ದು ನೀರಿನ ನಡುವೆ ಕೂರಿಸಿದ್ದರು. ಶುಕ್ರವಾರ ಶಾಲೆಯಿಂದ ಬಂದಾಗ ಹೊಳೆಯ ನಮ್ಮ ಬದಿ ಒಂದು ಸಣ್ಣ ಕೆರೆಯಾಗಿತ್ತು. ಅಜ್ಜಯ್ಯನ ಬೆರಳುಗಳು ಚಳಿಗೆ ನೇರಳೆಯಾಗಿದ್ದವು.

“ಕಾಣ್. ಈಗ ನಿನ್ನ್ ಮೀನಿಗೆ ಮೊಣಕಾಲ್ ಮಟ್ಟ ನೀರ್ ಇತ್ತ್.”

ನೀರು ಕನ್ನಡಿಯಂತೆ ನಿಂತಿತ್ತು. ಬಿಳಿಯ ಕಲೆಯ ಮೇಲೆ ತೆಳ್ಳಗೆ ಏನೋ ಇಳಿಯುತ್ತಿರುವುದು ನನಗೆ ಕಂಡಿತು. ಕಂಡರೂ ಅಜ್ಜಯ್ಯನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಹಾ ಮಾಡಿಕೊಟ್ಟೆ.

ಮರುದಿನ ಶನಿವಾರ. ಪಾಲೀನ್ ಮತ್ತು ಇನ್ನಿಬ್ಬರು ಬಂದವರು ಅಲ್ಲೇ ನಿಂತುಬಿಟ್ಟರು. ಪಾಲೀನ್‌ಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅಷ್ಟರಲ್ಲಿ ಅಜ್ಜಯ್ಯ ಗೇಟು ತೆರೆದು ಬಂದರು. ಲುಂಗಿ, ಅದರ ಕೆಳಗೆ ಅಪ್ಪನ ಬೂಟು, ತಲೆಗೆ ಮಂಗನ ಟೋಪಿ. ಊರಿನಲ್ಲಿ ಕಟ್ಟ ನೋಡಲು ಬಂದ ನೆಂಟರಿಗೆ ತೋರಿಸುವ ಹಾಗೆ ಕೈ ಬೀಸಿ ಅದನ್ನು ತೋರಿಸಿದರು, ನಂತರ ನನ್ನ ಕಡೆಗೆ ಬೆರಳು ಮಾಡಿ ನಕ್ಕರು. ಇವಳಿಗಾಗಿ, ಎಂದು. ಪಾಲೀನ್ ನನ್ನತ್ತ ತಿರುಗಿದರು.

“ನಿನ್ನ ತಾತನಾ? ಇಲ್ಲಿ ಮೊಟ್ಟೆಗಳಿದ್ದವೆಂದು ನೀನು ಅವರಿಗೆ ಹೇಳಿರಲಿಲ್ಲವಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೇಳಿದ್ದೆ, ನಾನೇ ಅತ್ತು ಕೇಳಿಕೊಂಡಿದ್ದೆ ಎಂದರೆ ಆ ಶನಿವಾರಗಳು ಅಲ್ಲಿಗೆ ಮುಗಿಯುತ್ತವೆ ಅನ್ನಿಸಿತು. ಅಮ್ಮನ ವಾರ್ಡಿನ ಮಾತುಗಳಿಂದ ನಾನು ಕಲಿತಿದ್ದ ಒಂದು ಶಬ್ದ ಬಾಯಿಗೆ ಬಂತು.

“ಅವರಿಗೆ ಡಿಮೆನ್ಶಿಯಾ. ಏನು ಮಾಡುತ್ತಾರೆಂದು ಅವರಿಗೇ ಗೊತ್ತಾಗುವುದಿಲ್ಲ.”

ಪಾಲೀನ್ ಮುಖದ ಸಿಟ್ಟೆಲ್ಲ ಒಂದೇ ಸಲಕ್ಕೆ ಇಳಿಯಿತು. ಅವರು ಅಜ್ಜಯ್ಯನ ಹತ್ತಿರ ಹೋಗಿ, ತೋಳು ಸವರಿ, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ, ಗಟ್ಟಿಯಾಗಿ, “ಪರವಾಗಿಲ್ಲ, ಎಲ್ಲ ಸರಿಯಾಗುತ್ತದೆ,” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಜ್ಜಯ್ಯ ಆ ಕೈಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ನಗು ನಿಂತಿತು. ಮೂವರೂ ನೀರಿಗಿಳಿದು ಕಟ್ಟವನ್ನು ನಡುವೆ ಒಡೆದು ಹಾಕಿದರು. ಸೊಪ್ಪು ಕೊಚ್ಚಿಹೋಯಿತು, ಬದಿಯ ಕಲ್ಲುಗಳು ಮತ್ತು ರುಬ್ಬುಗುಂಡು ಉಳಿದವು. ಅಜ್ಜಯ್ಯ ಅಷ್ಟೂ ಹೊತ್ತು ನಿಂತು ನೋಡಿ, ಬೂಟು ಕಳಚಿ, ಗೋಡೆಗೆ ಒರಗಿಸಿಟ್ಟು ಒಳಗೆ ಹೋದರು. ಕೆಲವು ವಾರಗಳ ನಂತರ ಪಾಲೀನ್ ಕಲ್ಲು ಕೆದಕಿ ನೋಡಿದಾಗ ಮೊಟ್ಟೆಗಳೆಲ್ಲ ಬೆಳ್ಳಗೆ ಸತ್ತಿದ್ದವು.

ಸುಳ್ಳು ಅಲ್ಲಿಗೇ ನಿಲ್ಲುತ್ತದೆ ಅಂದುಕೊಂಡಿದ್ದೆ. ಮರುವಾರ ಪಾಲೀನ್ ಒಂದು ಕೇಕು ಹಿಡಿದು ಮನೆಗೆ ಬಂದು, ನಿಮ್ಮ ತಂದೆಯ ವಿಷಯ ಮಗಳು ಹೇಳಿದಳು, ಬಹಳ ಬೇಸರವಾಯಿತು ಎಂದು ಅಮ್ಮನ ಕೈ ಹಿಡಿದುಕೊಂಡರು. ಅಮ್ಮ ನನಗೆ ಬೈಯುತ್ತಾಳೆಂದು ಕಾದೆ. ಅವಳು ಅತ್ತಳು. ದಿನವಿಡೀ ಅಂಥವರ ನಡುವೆಯೇ ಇದ್ದೂ ತನ್ನ ಅಪ್ಪನದ್ದು ತನಗೆ ಕಾಣಲಿಲ್ಲ, ಮಗುವಿಗೆ ಕಂಡಿತು ಎಂದು ಅತ್ತಳು.

“ನೀ ಎಂತಕೆ ನಂಗ್ ಮೊದ್ಲೇ ಹೇಳ್ಲಿಲ್ಲ? ಒಬ್ಳೇ ಹೊಟ್ಟಿಯೊಳ್ಗ್ ಇಟ್ಕಂಡ್ ಇದ್ಯಾ?”

ಅಮ್ಮ ನನ್ನನ್ನು ಹಾಗೆ ಮೆಚ್ಚಿ ನೋಡಿದ್ದು ಅಪರೂಪ, ನಿಜ ಹೇಳಿ ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಒಂದು ದಿನ ಅವಳು ಸಿಂಕಿನಡಿ ಬೇರೇನೋ ಹುಡುಕುವಾಗ ರುಬ್ಬುಗುಂಡು ಕಾಣದೆ ಅಜ್ಜಯ್ಯನನ್ನು ಕೇಳಿದಳು. ಅವರು ನನ್ನ ಕಡೆ ಒಮ್ಮೆ ನೋಡಿ, “ನಂಗ್ ನೆನ್ಪಿಲ್ಲ ಮಗಾ,” ಎಂದರು. ಅಮ್ಮನಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಹಿತ್ತಲ ಗೇಟಿಗೆ ಬೀಗ ಬಿತ್ತು, ಜಿಪಿ ಎಂದು ಕರೆಯುವ ಬಡಾವಣೆಯ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟೂ ಸಿಕ್ಕಿತು.

ಜಿಪಿಯ ಕೋಣೆಯಲ್ಲಿ ಅಜ್ಜಯ್ಯ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಪರೀಕ್ಷೆಗೆ ಕೂತ ಮಗುವಿನಂತೆ ನೆಟ್ಟಗೆ ಕೂತಿದ್ದರು. ಅಮ್ಮ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಳು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದೆ.

“ಅಪ್ಪಯ್ಯ, ನಿಮ್ಗೆ ಮರ್ವು ಶುರುವಾಯ್ತ್ ಅಂದೇಳಿ ಹೆಣ್ಣ್ ಹೇಳ್ತ್. ಡಾಕ್ಟ್ರ್ ನಾಕ್ ಪ್ರಶ್ನೆ ಕೇಂತ್ರ್, ಅಷ್ಟೇ. ಈಗ ಯಾವ ತಿಂಗ್ಳ್ ಹೇಳಿ ಕಾಂಬ.”

ತಿಥಿ, ನಕ್ಷತ್ರ, ಹುಣ್ಣಿಮೆಗೆ ಎಷ್ಟು ದಿನ, ಕಡಲಿನ ಭರತ ಇಳಿತ ಯಾವಾಗ ಎಲ್ಲವನ್ನೂ ಬೆರಳ ತುದಿಯಲ್ಲಿ ಇಟ್ಟುಕೊಂಡವರು ಅವರು. ಬೆಳಿಗ್ಗೆ ತಾನೇ ಶಿವರಾತ್ರಿಗೆ ಎಷ್ಟು ದಿನ ಉಳಿದಿದೆ ಎಂದು ಹೇಳಿದ್ದರು. ಅವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

“ಗೊತ್ತಿಲ್ಲ,” ಎಂದರು.

ಡಾಕ್ಟರು ಮೂರು ಶಬ್ದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು. ಅಮ್ಮ ಅವನ್ನು ಕನ್ನಡದಲ್ಲಿ ಹೇಳಿದಳು: ಕೊಡೆ, ಹಕ್ಕಿ, ಬೀಗ. ಐದು ನಿಮಿಷ ಬೇರೆ ಏನೇನೋ ಕೇಳಿ ಮತ್ತೆ ಆ ಶಬ್ದಗಳನ್ನು ಕೇಳಿದಾಗ ಅಜ್ಜಯ್ಯ ತುಸು ನಕ್ಕು, “ಕೊಡೆ… ಮತ್ತೆ ಎಂತದೋ,” ಎಂದರು. ಅಮ್ಮ ಕಣ್ಣು ಒರೆಸಿಕೊಂಡಳು. ಡಾಕ್ಟರು ಇದು ಆರಂಭವಿರಬಹುದು, ಊರಿಗೆ ಹೋದ ಮೇಲೆ ಮುಂದಿನ ಪರೀಕ್ಷೆ ಮಾಡಿಸಿ ಎಂದು ಕಾಗದ ಬರೆದುಕೊಟ್ಟರು.

ಅಮ್ಮ ಅಲ್ಲಿಂದಲೇ ಕೆಲಸಕ್ಕೆ ಹೋದಳು. ನಾನೂ ಅಜ್ಜಯ್ಯನೂ ಬಸ್ಸು ಹತ್ತಿದೆವು. ಎರಡು ಸ್ಟಾಪು ದಾಟಿದವು. ಆಮೇಲೆ ಅವರು ಕಿಟಕಿಯ ಹೊರಗೆ ನೋಡುತ್ತಲೇ, ಮೆಲ್ಲಗೆ ಅಂದರು.

“ಕೊಡೆ, ಹಕ್ಕಿ, ಬೀಗ.”

ನಾನು ತಿರುಗಿ ಅವರನ್ನು ನೋಡಿದೆ.

“ಡಾಕ್ಟ್ರ ಎದ್ರಿಗೆ ನೀ ಸುಳ್ಳ್ ಹೇಳಿದ್ದ್ ಅಂದ್ ಆದ್ರೆ ನಿನ್ನಮ್ಮ ಎಂತ ಮಾಡುದ್? ಅವ್ಳಿಗೆ ಕೆಲ್ಸ ಆಸ್ಪತ್ರಿಯಗೇ ಅಲ್ದಾ?” ಎಂದರು. ಆಮೇಲೆ ನನ್ನತ್ತ ತಿರುಗಿ, “ಮೀನ್ ಉಳಿತಾ?” ಎಂದು ಕೇಳಿದರು.

ಮೊಟ್ಟೆ ಸತ್ತದ್ದು ಆಗಿನ್ನೂ ಗೊತ್ತಾಗಿರಲಿಲ್ಲ, ಆದರೆ ನನಗೆ ಅನುಮಾನ ಇರಲಿಲ್ಲ. “ಉಳೀತು,” ಎಂದೆ. ಅದು ನನ್ನ ಎರಡನೇ ಸುಳ್ಳು, ಕನ್ನಡದಲ್ಲಿ ಮೊದಲನೆಯದು. ಅವರು ತೃಪ್ತಿಯಿಂದ ತಲೆಯಾಡಿಸಿ, ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಇಳಿಯುವ ತನಕ ಹಾಗೇ ಕೂತಿದ್ದರು.

ಆರು ತಿಂಗಳು ತುಂಬುವ ಮೊದಲೇ ಅವರನ್ನು ಊರಿಗೆ ಕಳಿಸಿದರು. ಅಮ್ಮ ಮೊದಲೇ ಊರಿನಲ್ಲಿದ್ದ ತನ್ನ ತಮ್ಮನಿಗೆ, ನನ್ನ ಮಾವನಿಗೆ, ಫೋನು ಮಾಡಿ ಎಲ್ಲ ಹೇಳಿದ್ದಳು. ಊರು ಎಷ್ಟು ದೊಡ್ಡದಿದ್ದೀತು, ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. ಆ ವರ್ಷ ಮಳೆ ಮುಗಿದು ಕಟ್ಟ ಕಟ್ಟುವ ಹೊತ್ತು ಬಂದಾಗ ಅಜ್ಜಯ್ಯನನ್ನು ಯಾರೂ ಕರೆಯಲಿಲ್ಲವಂತೆ. ಅವರಾಗಿಯೇ ಹೊರಟಾಗ ಮಾವ ತಡೆದು, ನೀರಿನ ಹತ್ತಿರ ಹೋಗುವುದು ಬೇಡ ಎಂದು ಕೂರಿಸಿದನಂತೆ. ಬೇಡಗಳ ಪಟ್ಟಿ ನಮ್ಮ ಮನೆಯಿಂದ ಅವರ ಹಿಂದೆಯೇ ಊರಿಗೂ ಹೋಗಿತ್ತು. ಅಮ್ಮ ಇದನ್ನು ಒಳ್ಳೆಯ ಸುದ್ದಿಯೆಂಬಂತೆ, ತಮ್ಮ ಜೋಪಾನ ಮಾಡುತ್ತಿದ್ದಾನೆ ಎಂದು ಹೇಳಿದಳು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮುಂದಿನ ಚಳಿಗಾಲ ಹೊಳೆ ಮತ್ತೊಮ್ಮೆ ಏರಿ ಇಳಿಯಿತು. ಅಜ್ಜಯ್ಯನ ಕಟ್ಟದ ಉಳಿದ ಕಲ್ಲುಗಳನ್ನು ನೆರೆ ಎಳೆದು ಓರೆಯಾಗಿ ಹರಡಿತ್ತು. ಭಾರದ ರುಬ್ಬುಗುಂಡು ಮಾತ್ರ ಕದಲದೆ ನಡುವೆ ಕೂತಿತ್ತು. ಅದಕ್ಕೆ ಬಡಿದು ನೀರು ಎರಡಾಗಿ ಸೀಳಿ, ಕೆಳಗೆ ಸಣ್ಣಕಲ್ಲುಗಳ ಮೇಲೆ ನೊರೆಗಟ್ಟಿ ಓಡುತ್ತಿತ್ತು. ಜನವರಿಯಲ್ಲಿ ಅಲ್ಲಿ ಒಂದಲ್ಲ, ಮೂರು ಬಿಳಿಯ ಕಲೆಗಳು. ಪಾಲೀನ್ ಎಲ್ಲರನ್ನೂ ಕರೆದು ತೋರಿಸಿದರು.

“ನೋಡಿ, ನೆರೆ ಎಂಥ ಕೆಲಸ ಮಾಡಿದೆ! ನಾವೇ ತಂದು ಕಲ್ಲು ಹಾಕಿದ್ದರೂ ಇಷ್ಟು ಚಂದ ಆಗುತ್ತಿರಲಿಲ್ಲ.”

ನಡುವಿನ ಆ ಕಲ್ಲು ನಮ್ಮ ರುಬ್ಬುಗುಂಡೆಂದು, ಅದನ್ನು ಅಲ್ಲಿ ಕೂರಿಸಿದ ಕೈ ಯಾರದ್ದೆಂದು ನನಗೊಬ್ಬಳಿಗೇ ಗೊತ್ತಿತ್ತು. ಈಗ ಹೇಳಿದರೆ ಯಾರೂ ಸಿಟ್ಟಾಗುತ್ತಿರಲಿಲ್ಲ, ಪಾಲೀನ್ ಖುಷಿಯೇ ಪಡುತ್ತಿದ್ದರು. ಆದರೂ ಹೇಳಲಿಲ್ಲ. ಒಂದು ದಾರ ಎಳೆದರೆ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತದೆಂಬ ಭಯ. ಆ ದಿನದ ನನ್ನ ಮೌನಕ್ಕೆ ನಾನು ಮೊದಲ ಸುಳ್ಳಿಗಿಂತ ಹೆಚ್ಚು ನಾಚುತ್ತೇನೆ. ಮೊದಲನೆಯದಕ್ಕೆ ಹೆದರಿಕೆಯ ನೆಪವಾದರೂ ಇತ್ತು. ಅದರ ಮರುವರ್ಷ ಅಜ್ಜಯ್ಯ ತೀರಿಕೊಂಡರು. ಪಾಪ, ಎಲ್ಲ ಮರೆತೇ ಹೋದರು ಎಂದು ಮನೆಗೆ ಬಂದವರೆಲ್ಲ ಅಮ್ಮನನ್ನು ಸಂತೈಸಿದರು.

ಆಮೇಲೆ ನಾನು ಕನ್ನಡ ಓದಲು ಬರೆಯಲು ಕಲಿತೆ. ಯಾಕಿಷ್ಟು ಹಟ ಎಂದು ಅಮ್ಮ ಕೇಳಿದಾಗಲೆಲ್ಲ ಹಾರಿಕೆಯ ಉತ್ತರ ಕೊಟ್ಟಿದ್ದೆ. ನನ್ನ ನೆನಪುಗಳ ಈ ಅಧ್ಯಾಯವನ್ನು ಇಲ್ಲಿಯವರೆಗೆ ಬರೆದು ಮುಗಿಸಿದ ಮೇಲೆ ಹೋದ ಭಾನುವಾರ ಅವಳ ಮುಂದೆ ಹಾಳೆಗಳನ್ನು ಇಟ್ಟೆ. ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದವಳು ಕೈ ತೊಳೆದು, ಕನ್ನಡಕ ಹಾಕಿಕೊಂಡು, ನಿಂತೇ ಓದಿದಳು. ಬಸ್ಸಿನ ಹಾಳೆಯನ್ನು ಎರಡು ಸಲ ಓದಿದಳು. ಅವಳ ಬೈಗುಳಕ್ಕೆ ಕಾದು ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ.

“ಆ ಮೂರ್ ಶಬ್ದ ನಾನೇ ಹೇಳಿದ್ದಲ್ದಾ?” ಎಂದಳು ಕೊನೆಗೆ. “ನಂಗೇ ಮರ್ತ್ ಹೋಯಿತ್ತ್.”

ನಾನು ಏನೋ ಹೇಳಲು ಹೋದೆ. ಅವಳು ಕೈಯೆತ್ತಿ ತಡೆದಳು. ಮೇಜಿನ ಮೇಲಿದ್ದ ಫೋನು ತೆಗೆದು, ಊರಿನ ನಂಬರು ಒತ್ತಿ, ಅದು ಅಲ್ಲಿ ರಿಂಗಾಗುತ್ತಿರುವಾಗಲೇ ನನ್ನ ಕೈಗಿಟ್ಟಳು.

“ನಿನ್ ಮಾವಂಗೆ ನೀನೇ ಹೇಳ್. ಕನ್ನಡದಗೇ ಹೇಳ್.”

ಆ ಕಡೆ ಮಾವ ಎತ್ತಿಕೊಂಡ. ಯಾರು ಎಂದು ಎರಡು ಸಲ ಕೇಳಿದ. ಅಮ್ಮ ನನಗೆ ಬೆನ್ನು ಹಾಕಿ ಒಲೆಯ ಕಡೆ ತಿರುಗಿದ್ದಳು. ಕಾವಲಿ ಕಾದು ಹೊಗೆಯಾಡುತ್ತಿದ್ದರೂ ಮೀನು ಹಾಕಿರಲಿಲ್ಲ.

“ಮಾವ, ನಾನು,” ಎಂದೆ. “ಅಜ್ಜಯ್ಯಂಗೆ ಎಂತದೂ ಮರ್ತಿರ್ಲಿಲ್ಲ. ಸುಳ್ಳ್ ಹೇಳಿದ್ದ್ ನಾನು.”